ಎಲ್ಲಿ ಏಟು ಬಿತ್ತು?

ಕೇಳುಗರಿಗೆಲ್ಲ ನಮಸ್ಕಾರ.

ಶನಿವಾರ ರಾತ್ರಿ ದವಡೆ ಮುರಿದುಕೊಂಡ ಹುಡುಗನೊಬ್ಬ ಆಸ್ಪತ್ರೆಗೆ ಬರುತ್ತಾನೆ. ಚಿಕಿತ್ಸೆ ಕೊಟ್ಟು ಕಳಿಸುತ್ತಾರೆ. ಮುಂದಿನ ಶನಿವಾರ ಇನ್ನೊಬ್ಬ. ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಇಂಥ ಮುಖಗಳನ್ನು ಸರಿಮಾಡುತ್ತಿದ್ದವರು ಡಾಕ್ಟರ್ ಜೊನಾಥನ್ ಶೆಫರ್ಡ್. ಮುಖ, ದವಡೆಯ ಶಸ್ತ್ರಚಿಕಿತ್ಸೆ ಅವರ ಕೆಲಸ.

ಈ ಹೊಡೆದಾಟಗಳೆಲ್ಲ ಪೊಲೀಸರಿಗೆ ಗೊತ್ತಾ ಅಂತ ಅವರಿಗೆ ಅನುಮಾನ ಬಂತು. ಆಸ್ಪತ್ರೆಯ ಲೆಕ್ಕವನ್ನೂ ಠಾಣೆಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಗಾಯಾಳುಗಳಲ್ಲಿ ಬಹಳ ಮಂದಿಯ ವಿಷಯ ಠಾಣೆಗೆ ತಲುಪಿರಲೇ ಇಲ್ಲ. ಹೊಡೆದವನ ಭಯ ಇರುತ್ತದೆ. ನಾನೂ ಕುಡಿದಿದ್ದೆನಲ್ಲ ಎಂಬ ಅಳುಕೂ ಇರುತ್ತದೆ. ಸುಮ್ನೆ ಮನೆಗೆ ಹೋಗಿಬಿಡುತ್ತಾರೆ. ದೂರಿಲ್ಲ ಅಂದಮೇಲೆ, ಪೊಲೀಸರ ಪಾಲಿಗೆ ಆ ಬೀದಿ ಶಾಂತವಾಗಿಯೇ ಇದೆ, ಅಲ್ವಾ?

1990ರ ದಶಕದಲ್ಲಿ ಅಲ್ಲೊಂದು ಹೊಸ ಪದ್ಧತಿ ಶುರುವಾಯಿತು. ಹೆಸರು, ವಿಳಾಸ ಬರೆದುಕೊಳ್ಳುವ ಕೌಂಟರಿನವರು ಗಾಯಾಳುವನ್ನು ಇನ್ನೂ ಕೆಲವು ಮಾತು ಕೇಳಬೇಕು. ಯಾವ ಬಾರಿನಲ್ಲಿ, ಯಾವ ಬೀದಿಯಲ್ಲಿ ನಡೆಯಿತು? ಎಷ್ಟು ಹೊತ್ತಿಗೆ? ಯಾವುದರಿಂದ ಹೊಡೆದರು? ಗಾಯಾಳುವಿನ ಹೆಸರು ತೆಗೆದು, ಉಳಿದದ್ದನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಡುತ್ತಿದ್ದರು. ಇಷ್ಟು ದೊಡ್ಡ ಕೆಲಸ ನಿಂತಿರುವುದು ಆ ಕೌಂಟರಿನವರ ತಾಳ್ಮೆಯ ಮೇಲೆ. ನನಗೆ ಅವರ ಬಗ್ಗೆ ತುಂಬಾ ಗೌರವ.

ಮತ್ತೆ ಮತ್ತೆ ಅವೇ ಜಾಗಗಳು ಬಂದವು. ಪೊಲೀಸರು ತಮ್ಮ ಗಸ್ತನ್ನು ಅಲ್ಲಿಗೆ ತಿರುಗಿಸಿದರು. ಜನ ಕಿಕ್ಕಿರಿಯುವ ಬೀದಿಯಲ್ಲಿ ವಾಹನ ಸಂಚಾರ ನಿಲ್ಲಿಸಿ, ಜನರಿಗೆ ನಡೆದಾಡಲು ಜಾಗ ಬಿಟ್ಟರು. ಬಾರುಗಳಿಗೆ ಪ್ಲಾಸ್ಟಿಕ್ ಲೋಟ ಬಂತು.

ಲೋಟದ ಕಥೆ ಸ್ವಲ್ಪ ಹೇಳಲೇಬೇಕು. ಒಡೆದ ಗಾಜಿನ ಲೋಟ ಮುಖಕ್ಕೆ ಬಿದ್ದರೆ ಗಾಯದ ಗುರುತು ಸಾಯುವವರೆಗೂ ಉಳಿಯುತ್ತದೆ. ಹಾಗಾಗಿ ಗಟ್ಟಿಗಾಜಿನ ಲೋಟ ಕೊಟ್ಟರೆ ಹೇಗೆ ಅಂತ ಶೆಫರ್ಡ್ ಮತ್ತು ಅವರ ಜೊತೆಗಾರರು 57 ಬಾರುಗಳಲ್ಲಿ ಪರೀಕ್ಷೆ ಮಾಡಿದರು. ಫಲ ಉಲ್ಟಾ ಆಯಿತು. ಗಾಜನ್ನು ಸರಿಯಾಗಿ ಹದಗೊಳಿಸಿರಲಿಲ್ಲ. ಬಾರಿನ ಕೆಲಸಗಾರರಿಗೇ ಗಾಯ ಜಾಸ್ತಿಯಾಯಿತು. ಅದನ್ನೂ ಮುಚ್ಚಿಡದೆ 2000ದಲ್ಲಿ ಪ್ರಕಟಿಸಿದರು. ಸಂಶೋಧನೆಯ ಮೇಲೆ ನನಗೆ ನಂಬಿಕೆ ಹುಟ್ಟುವುದು ಇಂಥ ಕಡೆಯೇ.

2011ರಲ್ಲಿ ಇಡೀ ಪದ್ಧತಿಯ ಲೆಕ್ಕ ಹೊರಬಂತು. ಹಲ್ಲೆಯಿಂದ ಗಾಯಗೊಂಡು ಆಸ್ಪತ್ರೆಗೆ ದಾಖಲಾಗುವವರು ಕಾರ್ಡಿಫ್‌ನಲ್ಲಿ ತಿಂಗಳಿಗೆ ಲಕ್ಷಕ್ಕೆ 7 ಮಂದಿ ಇದ್ದರು, 5ಕ್ಕೆ ಇಳಿದರು. ಈ ಪದ್ಧತಿ ಇಲ್ಲದ, ಕಾರ್ಡಿಫ್‌ನಂಥವೇ ಬೇರೆ ನಗರಗಳಲ್ಲಿ 5 ಇದ್ದದ್ದು 8ಕ್ಕೆ ಏರಿತ್ತು.

ನಮ್ಮಲ್ಲೂ ಹೊಡೆದಾಟದ ಗಾಯ ಅಂದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ (ಮೆಡಿಕೊ-ಲೀಗಲ್ ಕೇಸ್), ಬರೆಯುತ್ತಾರೆ, ಠಾಣೆಗೆ ತಿಳಿಸುತ್ತಾರೆ. ಒಂದು ಊರಿನ ಒಂದು ವರ್ಷದ ಎಂಎಲ್‌ಸಿಗಳನ್ನು, ಹೆಸರು ಬಿಟ್ಟು, ಯಾರಾದರೂ ಕೂತು ಒಟ್ಟಿಗೆ ಓದಬೇಕು. ಯಾವ ಸರ್ಕಲ್ಲು, ಯಾವ ಹೊತ್ತು ಮತ್ತೆ ಮತ್ತೆ ಬರುತ್ತದೆ ಅಂತ ನೋಡಬೇಕು. ಅದು ನನ್ನ ಆಸೆ.

ನಮಸ್ಕಾರ.