ಟ್ರೋಫಿ ನಮ್ಮದು, ಜಂಬ ಅವರದು

(ಟೊಲಿಡೊದಲ್ಲಿ 2025ರ ನವೆಂಬರ್‌ನಲ್ಲಿ ನಡೆದ ರಾಜ್ಯೋತ್ಸವ ಕೂಟದ ಭಾಷಣ)

ಅಧ್ಯಕ್ಷರೇ, ಅಕ್ಕಂದಿರೇ, ಅಣ್ಣಂದಿರೇ, ಹಿಂದಿನ ಸಾಲಿನಲ್ಲಿ ನೀಲಿ ಟೋಪಿ ಹಾಕಿಕೊಂಡು ಆಗಲೇ ನಗುತ್ತಿರುವ ಮಹನೀಯರೇ,

ಈ ಕಾರ್ಯಕ್ರಮ ಇವತ್ತು ನಡೆಯಬೇಕಾಗಿರಲಿಲ್ಲ. ಸಮಿತಿಯವರು ಮೊದಲು ಗೊತ್ತು ಮಾಡಿದ್ದು ನವೆಂಬರ್ 29, ಶನಿವಾರ. ಹಾಲ್ ಅವತ್ತು ಅರ್ಧ ಬೆಲೆಗೆ ಸಿಗುತ್ತೆ ಅಂತ ಖುಷಿಪಟ್ಟಿದ್ದರು. ಯಾಕೆ ಅಗ್ಗ ಅಂತ ಒಬ್ಬರೂ ಕೇಳಲಿಲ್ಲ. ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ಯೂನಿವರ್ಸಿಟಿಗಳು ಅಮೆರಿಕನ್ ಫುಟ್‌ಬಾಲ್ ಆಡುವ ದಿನ, ಎರಡೂ ರಾಜ್ಯಗಳ ಗಡಿಯ ಈ ಊರಿನಲ್ಲಿ ಬೇರೆ ಯಾರೂ ಹಾಲ್ ತಗೊಳ್ಳಲ್ಲ ಸ್ವಾಮಿ! ನಾನು ತಕರಾರು ಎತ್ತಿದೆ. "ಅಷ್ಟು ದೊಡ್ಡ ವಿಷಯವಾದರೆ ನೀವೇ ವೇದಿಕೆ ಮೇಲೆ ವಿವರಿಸಿ" ಅಂದರು. ವಿವರಿಸುತ್ತೇನೆ. ನಾನು ಕೊಲಂಬಸ್‌ನವನು, ಅಂದರೆ ಒಹಾಯೊ ಸ್ಟೇಟ್‌ನ ಕೆಂಪು ಕಡೆಯವನು. ನೀಲಿ ಮಿಷಿಗನ್‌ನವರದು. ನ್ಯಾಯವಾಗಿ ಮಾತಾಡುತ್ತೇನೆ ಅಂತ ಮಾತ್ರ ಯಾರೂ ನಂಬಬೇಡಿ.

ನಾನು ಹೇಳಬೇಕಾಗಿರುವುದು ಒಂದೇ. ಜಂಬ ಕೊಚ್ಚೋಕೆ ಕೇಳುವವನೊಬ್ಬ ಬೇಕು. ಅವನು ಸೋಮವಾರ ಬೆಳಿಗ್ಗೆ ಎದುರಿಗೆ ಸಿಗಬೇಕು. ದೇಶದ ಚಾಂಪಿಯನ್ ಆಗುವುದು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅದರ ಜಂಬವನ್ನು ಯಾರ ಮುಂದೆ ಕೊಚ್ಚುತ್ತೀರಿ? ಟೆಕ್ಸಸ್‌ನವನ ಮುಂದೆಯಾ? ಅವನ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ?

ಕಳೆದ ವರ್ಷದ ಕತೆ ಎಲ್ಲರಿಗೂ ಗೊತ್ತು. ಆದರೂ ಹೇಳುತ್ತೇನೆ, ಹೊಟ್ಟೆ ಹಗುರಾಗಲಿ. 2024ರ ನವೆಂಬರ್ 30. ಮಿಷಿಗನ್ ಆ ಋತುವಿನಲ್ಲಿ ಆರು ಗೆದ್ದು ಐದು ಸೋತು ಕೊಲಂಬಸ್‌ಗೆ ಬಂದಿತ್ತು. ಬೆಟ್ಟಿಂಗ್‌ನವರು ನಾವು ಸುಮಾರು 20 ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತೇವೆ ಅಂದಿದ್ದರು. ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದಲೇ ಹಬ್ಬ. ಆ ವಾರ ಕ್ಯಾಂಪಸ್‌ನಲ್ಲಿ ಮಿಷಿಗನ್‌ನ ಎಂ ಅಕ್ಷರ ಕಂಡ ಕಡೆಯೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೆರೆ ಎಳೆಯುತ್ತಾರಲ್ಲ, ಆ ಹುಚ್ಚು ನನ್ನ ಮಗಳಿಗೂ ಹತ್ತಿತ್ತು. ಫ್ರಿಜ್ ಮೇಲಿನ ಹಾಲಿನ ಲೆಕ್ಕದ ಚೀಟಿಯನ್ನೂ ಬಿಡಲಿಲ್ಲ. ಊರಿಂದ ಬಂದ ಮೈಸೂರ್‌ಪಾಕ್ ಡಬ್ಬಿಯ ಮುಚ್ಚಳದಲ್ಲಿ ಮೊದಲ ಅಕ್ಷರದ ಮೇಲೆ ಎರಡು ಪಟ್ಟಿ ಅಂಟಿಸಿದಳು. ನಮ್ಮತ್ತೆ ಕನ್ನಡಕ ಮೇಲೇರಿಸಿ ನೋಡಿ, "ಹಾಳಾಗಿದೆಯೇನೇ? ಎಸೀಬೇಕಾ?" ಅಂದರು. ಟೇಪಿನ ಅಂಟಿಗೆ ತುಪ್ಪದ ಜಿಡ್ಡು ಸೇರಿ ಆ ಡಬ್ಬಿ ಕೈಗೆ ಅಂಟುತ್ತಿತ್ತು. ಆದರೂ ಸಂಜೆಯ ಹೊತ್ತಿಗೆ ಖಾಲಿ. ದುಃಖದಲ್ಲಿ ಜಾಸ್ತಿ ಸಿಹಿ ತಿನ್ನುತ್ತಾರೆ, ಗೊತ್ತಲ್ಲ.

10-10 ಸಮ ಇದ್ದಾಗ, 45 ಸೆಕೆಂಡ್ ಉಳಿದಿರುವಾಗ, ಮಿಷಿಗನ್‌ನ ಡೊಮಿನಿಕ್ ಜ್ವಾಡಾ 21 ಗಜದ ಫೀಲ್ಡ್ ಗೋಲ್ ಹೊಡೆದ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್ ತಗೊಂಡ. 13-10. ಸತತ ನಾಲ್ಕನೇ ಸೋಲು. ಆಮೇಲೆ ಅವರು ನಮ್ಮ ಮೈದಾನದ ಮಧ್ಯೆ ಬಾವುಟ ನೆಡಲು ಹೋದದ್ದು, ನಮ್ಮ ಹುಡುಗರು ನುಗ್ಗಿದ್ದು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದದ್ದು, ಎರಡೂ ತಂಡ ಇರುವ ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಲೀಗ್, ಬಿಗ್ ಟೆನ್ ಇಬ್ಬರಿಗೂ ತಲಾ ಒಂದು ಲಕ್ಷ ಡಾಲರ್ ದಂಡ ಹಾಕಿದ್ದು, ಅದೆಲ್ಲ ಬೇಡ. ಕೋಚ್ ರಯಾನ್ ಡೇಯನ್ನು ಓಡಿಸಿ ಅಂತ ಕೊಲಂಬಸ್‌ನಲ್ಲಿ ಎಷ್ಟು ಜನ ಕೂಗಿದರು! ನಾನೂ ಸ್ವಲ್ಪ ಕೂಗಿದೆ.

ಈಗ ಮುಂದಿನದು ಕೇಳಿ. ಆ ವರ್ಷ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ಗೆ ಮೊದಲ ಸಲ 12 ತಂಡ ತಗೊಂಡಿದ್ದರು. ಹಾಗಾಗಿ ಕಾನ್ಫರೆನ್ಸ್ ಫೈನಲ್ ಕೂಡ ಆಡದ ನಾವು ಒಳಗೆ ಹೋದೆವು. ಟೆನೆಸೀಯನ್ನು 42-17ರಿಂದ ಹೊಡೆದೆವು. ಬಿಗ್ ಟೆನ್ ಗೆದ್ದಿದ್ದ ಆರಿಗನ್‌ಗೆ ರೋಸ್ ಬೌಲ್ ಅನ್ನುವ ಹೊಸವರ್ಷದ ದೊಡ್ಡ ಪಂದ್ಯದಲ್ಲಿ 41-21. ಟೆಕ್ಸಸ್‌ಗೆ 28-14. ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ನೊಟರ್ ಡೇಮ್ ವಿರುದ್ಧ 34-23. ದೇಶಕ್ಕೇ ಚಾಂಪಿಯನ್!

ಮಾರನೇ ಬೆಳಿಗ್ಗೆ ಮಿಷಿಗನ್ ಯೂನಿವರ್ಸಿಟಿಯ ಊರು ಆನ್ ಆರ್ಬರ್‌ನಲ್ಲಿರುವ ನನ್ನ ಭಾವನಿಗೆ ಫೋನ್ ಮಾಡಿದೆ. ಏಳು ವಾರದಿಂದ ಅವರ ಫೋನ್ ಎತ್ತಿರಲಿಲ್ಲ.

"ಭಾವ, ನೋಡಿದ್ರಾ? ಚಾಂಪಿಯನ್ ಆದ್ವಿ."

"ನೋಡಿದೆ ಕಣಯ್ಯ, ತುಂಬಾ ಸಂತೋಷ," ಅಂದರು. "ನಮ್ಮ ಕೈಲಿ ಸೋತವರು ದೇಶ ಗೆದ್ದರು ಅಂದ್ರೆ ನಮಗೂ ಹೆಮ್ಮೆ ಅಲ್ವಾ?"

ಏನು ಹೇಳಲಿ ನಾನು? ಟ್ರೋಫಿ ನಮ್ಮ ಹತ್ತಿರ ಇದೆ, ಜಂಬ ಅವರ ಹತ್ತಿರವೇ ಉಳಿಯಿತು. ಅವರು ಎಂಟು ಗೆದ್ದು ಐದು ಸೋತ ತಂಡದವರು, ಹಾಯಾಗಿ ಕಾಫಿ ಕುಡಿಯುತ್ತಾ ಮಾತಾಡುತ್ತಿದ್ದಾರೆ. ಇದು ಪೆನ್ಸಿಲ್ವೇನಿಯಾದವನ ಹತ್ತಿರ ಆಗಲ್ಲ. ಕ್ಯಾಲಿಫೋರ್ನಿಯಾದವನ ಹತ್ತಿರ ಆಗಲ್ಲ. ಸೋಮವಾರ ಬೆಳಿಗ್ಗೆ ಎದುರಿಗೆ ಸಿಗುವವನ ಹತ್ತಿರ ಮಾತ್ರ ಆಗುತ್ತೆ.

(ನೀಲಿ ಟೋಪಿಯವರೇ, ಚಪ್ಪಾಳೆ ಸಾಕು. ನಿಮ್ಮ ತಂಡದವರು ಎದುರಾಳಿಗಳ ಸನ್ನೆಯ ಸಿಗ್ನಲ್ ಕದ್ದ ವಿಷಯ ನಾನು ಎತ್ತಲ್ಲ. ಆಗಸ್ಟ್‌ನಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ದಂಡ ಹಾಕಿದ್ದನ್ನೂ ಎತ್ತಲ್ಲ.)

ಈ ಜಗಳ ಫುಟ್‌ಬಾಲ್‌ನಿಂದ ಶುರುವಾಗಿದ್ದಲ್ಲ. ಇಬ್ಬರೂ ಮೊದಲು ಆಡಿದ್ದು 1897ರಲ್ಲಿ. ಅದಕ್ಕೂ 60 ವರ್ಷ ಹಿಂದೆ ನಾವು ಈಗ ಕೂತಿರುವ ಇದೇ ಜಾಗಕ್ಕೆ ಎರಡೂ ಕಡೆಯವರು ಬಂದೂಕು ಹಿಡಿದು ಬಂದಿದ್ದರು. ಗಡಿ ತಕರಾರು ಅಂದರೆ ಏನು ಅಂತ ಕನ್ನಡದವರಿಗೆ, ಅದರಲ್ಲೂ ಬೆಳಗಾವಿ ಕಡೆಯವರಿಗೆ, ಬಿಡಿಸಿ ಹೇಳಬೇಕಾ? ಹಳೇ ನಕ್ಷೆಯಲ್ಲಿ ಮಿಷಿಗನ್ ಸರೋವರದ ತೆಂಕಣ ತುದಿಯನ್ನು ತಪ್ಪು ಜಾಗದಲ್ಲಿ ಬರೆದಿದ್ದರು. ಅಲ್ಲಿಂದ ಗೆರೆ ಎಳೆದರೆ ಟೊಲಿಡೊ ಯಾರದ್ದು? 468 ಚದರ ಮೈಲಿಯ ಪಟ್ಟಿಗೆ 1835ರಲ್ಲಿ ಇಬ್ಬರೂ ದಂಡು ಕಟ್ಟಿದರು. ಒಹಾಯೊ ಗವರ್ನರ್ ರಾಬರ್ಟ್ ಲೂಕಸ್. ಮಿಷಿಗನ್ ಕಡೆ ಸ್ಟೀವನ್ಸ್ ಮೇಸನ್, ಇಪ್ಪತ್ತು ದಾಟಿ ಇನ್ನೂ ಮೀಸೆ ಬಲಿಯದ ಹುಡುಗ.

ಈ ಯುದ್ಧದಲ್ಲಿ ಸತ್ತವರು ಸೊನ್ನೆ. ಇರಿತ ಒಂದು. ಇಲ್ಲಿ ಸ್ಟಿಕ್ನಿ ಅಂತ ಒಬ್ಬ ಮಹಾನುಭಾವ ಇದ್ದ. ಮಕ್ಕಳಿಗೆ ಹೆಸರು ಹುಡುಕುವ ಗೋಜಿಗೇ ಹೋಗಲಿಲ್ಲ. ಮೊದಲನೆಯವನಿಗೆ ಒನ್ ಅಂತ ಇಟ್ಟ, ಎರಡನೆಯವನಿಗೆ ಟೂ. ನಿಜವಾಗಿಯೂ! ಆ ಟೂ ಸ್ಟಿಕ್ನಿ, ಹಿಡಿಯಲು ಬಂದ ಮಿಷಿಗನ್‌ನ ಡೆಪ್ಯುಟಿ ಶೆರಿಫ್‌ಗೆ ಪೆನ್ಸಿಲ್ ಕೆತ್ತುವಂಥ ಸಣ್ಣ ಚಾಕುವಿನಿಂದ ಚುಚ್ಚಿ ಓಡಿಹೋದ. ಶೆರಿಫ್ ಬದುಕಿಕೊಂಡರು. ಆಮೇಲೆ ಸೆಪ್ಟೆಂಬರ್‌ನಲ್ಲಿ ಒಹಾಯೊದವರು ಇನ್ನೊಂದು ಉಪಾಯ ಮಾಡಿದರು. ಟೊಲಿಡೊದಲ್ಲಿ ನಮ್ಮ ಕೋರ್ಟ್ ಒಂದು ಸಲ ಕೂತರೆ ಜಾಗ ನಮ್ಮದು ಅಂತ ತೋರಿಸಬಹುದಲ್ಲ? ಹಗಲಲ್ಲಿ ಬಂದರೆ ಮಿಷಿಗನ್‌ನವರು ಹಿಡೀತಾರೆ. ಅದಕ್ಕೆ ನಡುರಾತ್ರಿ ಕಳೆದ ಮೇಲೆ ನ್ಯಾಯಾಧೀಶರು ಕದ್ದು ಬಂದರು. ಶಾಲೆಯ ಕೋಣೆಯಲ್ಲಿ ಗಡಿಬಿಡಿಯಿಂದ ಕೋರ್ಟ್ ನಡೆಸಿದರು. ಗುಮಾಸ್ತ ಕಲಾಪವನ್ನು ಚೀಟಿಯಲ್ಲಿ ಬರೆದು ತನ್ನ ಟೋಪಿಯೊಳಗೆ ಬಚ್ಚಿಟ್ಟ. ಟೊಲಿಡೊ ಕೊನೆಗೆ ಒಹಾಯೊಗೆ ಉಳಿಯಿತು. ಮಿಷಿಗನ್‌ಗೆ ಬದಲಿಗೆ ಅಪ್ಪರ್ ಪೆನಿನ್ಸುಲಾ ಕೊಟ್ಟು, 1837ರ ಜನವರಿ 26ರಂದು ರಾಜ್ಯ ಮಾಡಿದರು. ಬರೀ ಕಾಡು ಅಂತ ಮೂಗು ಮುರಿದರು. ಆಮೇಲೆ ನೋಡಿದರೆ ಅಲ್ಲಿ ತಾಮ್ರ, ಕಬ್ಬಿಣ! ಭಾವ ಇದನ್ನೂ ವರ್ಷಕ್ಕೊಂದು ಸಲ ನೆನಪಿಸುತ್ತಾರೆ.

ಕಾರ್ಯದರ್ಶಿಯವರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತೆ. ಆಯ್ತು, ಕಾನ್ಫರೆನ್ಸ್ ವಿಷಯಕ್ಕೆ ಬರುತ್ತೇನೆ. ಅದನ್ನೇ ಮೊದಲು ಹೇಳಬೇಕಿತ್ತು.

ನೆರೆಯವನ ಜತೆ ಒಂದೇ ಕಾನ್ಫರೆನ್ಸ್‌ನಲ್ಲಿದ್ದರೆ ಜಂಬಕ್ಕೆ ಲೆಕ್ಕಪತ್ರ ಇರುತ್ತೆ. 1950ರಲ್ಲಿ ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿಯ ನಡುವೆ ಆಡಿದರು. ಮಿಷಿಗನ್ ಒಂದೇ ಒಂದು ಫಸ್ಟ್ ಡೌನ್ ಕೂಡ ಮಾಡದೆ, ಅಂದರೆ ನಾಲ್ಕು ಯತ್ನದಲ್ಲಿ ಹತ್ತು ಗಜ ಕೂಡ ಮುಂದೆ ಹೋಗದೆ, 9-3ರಿಂದ ಗೆದ್ದು ಬಿಗ್ ಟೆನ್ ತಗೊಂಡು ಹೋಯಿತು. ನಮ್ಮ ಕೋಚ್ ಕೆಲಸ ಬಿಟ್ಟರು, ವುಡಿ ಹೇಯ್ಸ್ ಬಂದರು. ವುಡಿ ಕೈಕೆಳಗೆ ಬೆಳೆದ ಬೋ ಶೆಂಬೆಕ್ಲರ್ 1969ರಲ್ಲಿ ಮಿಷಿಗನ್ ಸೇರಿ, ಮೊದಲ ವರ್ಷವೇ ಗುರುವನ್ನು 24-12ರಿಂದ ಸೋಲಿಸಿದರು. ಆಗ ಕಾನ್ಫರೆನ್ಸ್‌ನಿಂದ ಒಂದೇ ತಂಡ, ಒಂದೇ ರೋಸ್ ಬೌಲ್. ಉಳಿದವರು ಮನೆಗೆ. 1973ರಲ್ಲಿ ಇಬ್ಬರೂ ಸೋಲಿಲ್ಲದೆ ಬಂದು 10-10 ಸಮ ಆಡಿದರು. ಯಾರನ್ನು ಕಳಿಸಬೇಕು ಅಂತ ಹತ್ತು ಕಾಲೇಜಿನ ಕ್ರೀಡಾ ನಿರ್ದೇಶಕರು ವೋಟ್ ಹಾಕಿದರು. ಒಹಾಯೊಗೆ ಆರು, ಮಿಷಿಗನ್‌ಗೆ ನಾಲ್ಕು. ಬೋ ಆ ವೋಟನ್ನು ಕೊನೆವರೆಗೂ ಕ್ಷಮಿಸಲಿಲ್ಲ. ಸರಿಯೇ. ಊರವರೇ ಕೈ ಎತ್ತಿ ನಿನ್ನ ಕಡೆ ಇಲ್ಲ ಅಂದರೆ ಯಾರು ಮರೆಯುತ್ತಾರೆ?

ದಕ್ಷಿಣದವರು ಬೇರೆ ಥರ. ಅಲಬಾಮ ಯೂನಿವರ್ಸಿಟಿಯವನು ಅದೇ ರಾಜ್ಯದ ಆಬರ್ನ್ ಯೂನಿವರ್ಸಿಟಿ ಅಂದರೆ ಉರಿದುಬೀಳುತ್ತಾನೆ. 2010ರ ಪಂದ್ಯ ಆದಮೇಲೆ ಅವರ ಅಭಿಮಾನಿಯೊಬ್ಬ ಆಬರ್ನ್‌ನ ಟೂಮರ್ಸ್ ಕಾರ್ನರ್‌ನ ಓಕ್ ಮರಗಳಿಗೆ ವಿಷ ಹಾಕಿ, ರೇಡಿಯೊಗೆ ಫೋನ್ ಮಾಡಿ ತಾನೇ ಹೇಳಿಕೊಂಡ. ಮರಕ್ಕೆ ವಿಷ! ಅದು ಜಂಬ ಅಲ್ಲ, ರೋಗ. ಆದರೆ ಅದೇ ಜನ ಹೊರಗಿನವರು ಎದುರಿಗಿದ್ದರೆ ತಮ್ಮ ಕಾನ್ಫರೆನ್ಸ್ ಹೆಸರು ಹಿಡಿದು "ಎಸ್‌ಇಸಿ, ಎಸ್‌ಇಸಿ" ಅಂತ ಒಟ್ಟಿಗೆ ಕೂಗುತ್ತಾರೆ. 2006ರಿಂದ 2012ರವರೆಗೆ ಏಳಕ್ಕೆ ಏಳೂ ರಾಷ್ಟ್ರೀಯ ಪಟ್ಟ ಅವರ ಕಾನ್ಫರೆನ್ಸ್‌ಗೇ ಬಂತು. ಹಾಗಾಗಿ ಕೂಗಲಿ. ನಾನು ಮಾತ್ರ ಮಿಷಿಗನ್ ಗೆದ್ದಾಗ "ಬಿಗ್ ಟೆನ್" ಅಂತ ಕೂಗಲ್ಲ. 2024ರ ಜನವರಿಯಲ್ಲಿ ಅವರು ವಾಷಿಂಗ್ಟನ್‌ನ ಸೋಲಿಸಿ ಪಟ್ಟ ಏರಿದ ರಾತ್ರಿ ನಾನು ಎಂಟಕ್ಕೇ ಮಲಗಿದೆ.

ಈಗ ಬಿಗ್ ಟೆನ್‌ನಲ್ಲಿ 18 ತಂಡ. ಹೆಸರು ಮಾತ್ರ ಟೆನ್. ಟಿವಿ ದುಡ್ಡಿನ ಆಸೆಗೆ 2024ರಲ್ಲಿ ಯುಎಸ್‌ಸಿ, ಯುಸಿಎಲ್ಎ, ಆರಿಗನ್, ವಾಷಿಂಗ್ಟನ್ ಎಲ್ಲರನ್ನೂ ಎಳೆದು ತಂದರು. ಅಲ್ಲಿ ಅವರ ಹಳೇ ಕಾನ್ಫರೆನ್ಸ್ ಪ್ಯಾಕ್-12ರಲ್ಲಿ ಉಳಿದದ್ದು ಎರಡೇ ಕಾಲೇಜು, ಆರಿಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ನ್ಯೂಜೆರ್ಸಿಯ ರಟ್ಗರ್ಸ್‌ನವನು ಲಾಸ್ ಏಂಜಲೀಸ್‌ನವನ ಹತ್ತಿರ ಏನು ಜಂಬ ಕೊಚ್ಚುತ್ತಾನೆ? ಇವನು ಏಳುವಾಗ ಅವನಿಗೆ ನಡುರಾತ್ರಿ. ಸೋಮವಾರ ಬೆಳಿಗ್ಗೆ ಅನ್ನೋದೇ ಇಬ್ಬರಿಗೂ ಒಟ್ಟಿಗೆ ಆಗಲ್ಲ.

ಆಟಗಾರರಿಗೆ ಸಂಬಳ, ವರ್ಷಕ್ಕೊಂದು ಕಾಲೇಜು ಬದಲಿಸುವುದು, ಇವೆರಡೂ ನನ್ನ ಪಟ್ಟಿಯಲ್ಲಿದ್ದವು. ಬಿಟ್ಟುಬಿಡುತ್ತೇನೆ, ಒಗ್ಗರಣೆ ವಾಸನೆ ನನಗೂ ಬಂತು.

ಒಂದೇ ಭಯ ಹೇಳಿ ಮುಗಿಸುತ್ತೇನೆ. ಈಗಿನ ನಿಯಮದಲ್ಲಿ ಇಬ್ಬರೂ ಚೆನ್ನಾಗಿ ಆಡಿದರೆ ನವೆಂಬರ್ ಕೊನೆಯ ಶನಿವಾರ ಒಂದು ಸಲ, ಮುಂದಿನ ವಾರ ಕಾನ್ಫರೆನ್ಸ್ ಫೈನಲ್‌ನಲ್ಲಿ ಇನ್ನೊಂದು ಸಲ, ಪ್ಲೇಆಫ್‌ನಲ್ಲಿ ಮತ್ತೊಂದು ಸಲ ಎದುರಾಗಬಹುದು. ಮೂರು ಸಲ! ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ಅಂತಾದರೆ ವರ್ಷವಿಡೀ ಮಾತಾಡುವ ಹಕ್ಕು ಯಾರದ್ದು? ಭಾವ ಈಗಲೇ ಉತ್ತರ ರೆಡಿ ಮಾಡಿಕೊಂಡಿದ್ದಾರೆ, ಅವರು ಗೆದ್ದದ್ದೇ ಲೆಕ್ಕಕ್ಕೆ ಅಂತೆ. 2012ರಿಂದ 2019ರವರೆಗೆ ಎಂಟಕ್ಕೆ ಎಂಟೂ ನಾವು ಗೆದ್ದಾಗ ಈ ಭಾವ ಯಾವ ಮೂಲೆಯಲ್ಲಿದ್ದರು ಅಂತ ಕೇಳಬೇಕು.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ಪ್ರಶ್ನೆ ಇದ್ದರೆ ಮಿಷಿಗನ್‌ನವರು ಮೊದಲು ಕೇಳಲಿ. 29ರವರೆಗೆ ಸರದಿ ಅವರದೇ. ನಮಸ್ಕಾರ.