ವೈಫೈ ಪಾಸ್‌ವರ್ಡ್ ಅಂದ್ರ ನಿಮ್ಮ ಮೊಬೈಲ್ ನಂಬರೇನ್ರಿ? ಇವತ್ತೇ ಬದಲಿ ಮಾಡ್ರಿ

ನಮಸ್ಕಾರ್ರಿ ಎಲ್ಲಾರಿಗೂ.

ಬಾಗಲಕೋಟಿ ನವನಗರದಾಗ ಯಾರ ಮನಿಗಾದ್ರೂ ಹೋಗಿ ವೈಫೈ ಪಾಸ್‌ವರ್ಡ್ ಕೇಳ್ರಿ. "ನಮ್ಮ ಮನಿಯವರ ನಂಬರ್ ಹಾಕ್ರಿ, ಬರತೈತಿ" ಅಂತಾರ. ಕನೆಕ್ಷನ್ ಕೊಡಾಕ ಬಂದ ಹುಡುಗ, ನೆನಪಿರಲಿ ಅಂತ ಅದನ್ನ ಇಟ್ಟು ಹೋಗಿರ್ತಾನ. ಸಿಗ್ನಲ್ ಗ್ವಾಡಿ ದಾಟಿ ರಸ್ತೆತನಕ ಹೋಗತೈತಿ. ಯಾರಾರ ಅದನ್ನ ಬಳಸಿ ತಪ್ಪು ಕೆಲಸ ಮಾಡಿದ್ರ, ವಿಚಾರಣೆ ಮೊದಲು ಬರೂದು ನಿಮ್ಮ ಬಾಗಲಕ್ಕ.

[ತೆರೆ: ಫೋನು ಮತ್ತ ರೂಟರ್ ನಡುವೆ ನಾಲ್ಕು ಬಾಣ]

ಫೋನು ರೂಟರ್‌ಗೆ ಸೇರೂ ಹೊತ್ತಿಗೆ ನಾಲ್ಕು ಸಂದೇಶ ಓಡಾಡ್ತಾವ. ಪಾಸ್‌ವರ್ಡ್ ಅದರಾಗ ಇರೂದಿಲ್ಲ, ಖರೆ. ಆದ್ರ ಆ ಸಂದೇಶ ಹಿಡಿದಿಟ್ಕೊಂಡವ ತನ್ನ ಮನಿಯಾಗ ಕುಂತು, ಒಂದೊಂದ ನಂಬರ್ ಹಾಕಿ ತಾಳೆ ನೋಡಬಹುದು. ನಿಮ್ಮ ರೂಟರ್‌ಗೆ ಸುದ್ದಿನೂ ಇರೂದಿಲ್ಲ. ನಮ್ಮ ದೇಶದ ಮೊಬೈಲ್ ನಂಬರ್ 6, 7, 8, 9ರಿಂದ ಶುರು ಆಗ್ತಾವ. ಹೆಚ್ಚಂದ್ರ 400 ಕೋಟಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ನೋಡತೈತಿ, ಅಂದ್ರ ಕೆಲವು ತಾಸಿನ ಕೆಲಸ. ಪರಿಚಯದವರಾದ್ರ ಅಷ್ಟೂ ಬ್ಯಾಡ, ನಿಮ್ಮ ನಂಬರ್ ಅವರ ಫೋನಿನಾಗ ಇದ್ದೇ ಐತಿ.

ಈಗ ರೂಟರ್ ತಿರುವಿ ಹಾಕ್ರಿ. ಕೆಳಗಿನ ಸ್ಟಿಕರ್ ಮ್ಯಾಲೆ 192.168.1.1 ಅಥವಾ 192.168.0.1 ಅಂತ ಇರಬಹುದು, ಜೋಡಿಗೆ ಲಾಗಿನ್ ಹೆಸರು. ಬ್ರೌಸರ್‌ನಾಗ ಆ ವಿಳಾಸ ಹೊಡೀರಿ, ಒಳಗ ಹೋಗಿ ವೈರ್‌ಲೆಸ್ ಸೆಕ್ಯೂರಿಟಿ ತಗೀರಿ.

[ತೆರೆ: ಸೆಕ್ಯೂರಿಟಿ ಪಟ್ಟಿ]

ಇವು ವೈಫೈಗೆ ಹಾಕೂ ಬೀಗದ ನಮೂನಿ ಇದ್ದಂಗ. ಡಬ್ಲ್ಯೂಇಪಿ (WEP) ಮುಟ್ಟಬ್ಯಾಡ್ರಿ. ಅದು 1997ರದ್ದು, 2001ರಾಗೇ ಅದರ ಲೋಪ ಬಯಲಿಗೆ ಬಿತ್ತು. ಡಬ್ಲ್ಯೂಪಿಎ3 (WPA3) ಇದ್ರ ಅದನ್ನೇ ಆರಿಸ್ರಿ. 2018ರಾಗ ಬಂದದ್ದು, ಹಿಂಗ ಮನಿಯಾಗ ಕುಂತು ತಾಳೆ ನೋಡಾಕ ಅದರಾಗ ಆಗೂದಿಲ್ಲ. ಇಲ್ಲಂದ್ರ ಡಬ್ಲ್ಯೂಪಿಎ2 (WPA2), ಜೋಡಿಗೆ ಎಇಎಸ್ (AES) ಅನ್ನೂ ಗೂಢಲಿಪಿ ವಿಧಾನ. ಹಳೇ ವಿಧಾನ ಟಿಕೆಐಪಿ (TKIP) ಬ್ಯಾಡ. ಹಳೇ ಫೋನು, ಟಿವಿ ಇದ್ದವರು ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಕೂಡಿದ ಮೋಡ್ ಇಡಬೇಕಾಗತೈತಿ. ಆವಾಗ ಡಬ್ಲ್ಯೂಪಿಎ2ರ ಅಪಾಯ ಹಂಗೇ ಉಳೀತೈತಿ, ಅದಕ್ಕ ಪಾಸ್‌ವರ್ಡ್ ಗಟ್ಟಿ ಇರಬೇಕು.

8ರಿಂದ 63 ಅಕ್ಷರ ಹಾಕಬಹುದು. ಒಂದಕ್ಕೊಂದು ಸಂಬಂಧ ಇಲ್ಲದ ಐದು ಶಬ್ದ ತಗೋರಿ: ಛತ್ರಿ, ಕರದಂಟು, ಬಾವಿ, ಸ್ಪೀಕರ್, ಗುಬ್ಬಿ. ಇಂಗ್ಲಿಷ್ ಅಕ್ಷರದಾಗ ಕೂಡಿಸಿ ಬರೀರಿ. ಇವನ್ನ ನಾನು ಇಲ್ಲಿ ಹೇಳಿಬಿಟ್ಟೀನಿ, ನೀವು ಬ್ಯಾರೆ ಹುಡುಕ್ರಿ. ಮಕ್ಕಳ ಹೆಸರು, ಮನಿದೇವರ ಹೆಸರು ಬ್ಯಾಡ.

ಇನ್ನೊಂದು, ಭಾಳ ಮಂದಿ ಬಿಡೂದು ಇದನ್ನ: ಡಬ್ಲ್ಯೂಪಿಎಸ್ (WPS) ಬಂದ್ ಮಾಡ್ರಿ. ಪಾಸ್‌ವರ್ಡ್ ಹೊಡೀದೇ, ಬಟನ್ ಒತ್ತಿ ಇಲ್ಲಾ ಪಿನ್ ಹಾಕಿ ವೈಫೈಗೆ ಸೇರೂ ಸೌಲಭ್ಯ ಅದು. ಅದರ ಪಿನ್ 8 ಅಂಕಿದ್ದು. ಆದ್ರ ರೂಟರ್ ಅದನ್ನ ಎರಡು ತುಂಡು ಮಾಡಿ ನೋಡತೈತಿ, ಕಡೀ ಅಂಕಿ ಉಳಿದವುಗಳ ಲೆಕ್ಕದಿಂದ ಬರೂದು. ಹಿಂಗಾಗಿ 11,000 ಸಲ ಹಾಕಿ ನೋಡಿದ್ರ ಮುಗೀತು. 2011ರಾಗೇ ಇದು ಗೊತ್ತಾಗೈತಿ. ಅದು ತೆರದಿದ್ರ ಎಂಥಾ ಪಾಸ್‌ವರ್ಡ್ ಇಟ್ರೂ ವ್ಯರ್ಥ.

ರೂಟರ್ ಲಾಗಿನ್ ಪಾಸ್‌ವರ್ಡ್ ಬ್ಯಾರೆ, ವೈಫೈದು ಬ್ಯಾರೆ. ಅದನ್ನೂ ಬದಲಿ ಮಾಡ್ರಿ.

ಸೇವ್ ಒತ್ತಿದ ಕೂಡ್ಲೇ ಎಲ್ಲಾ ಫೋನು ಕಟ್ ಆಗ್ತಾವ, ಗಾಬರಿ ಆಗಬ್ಯಾಡ್ರಿ. ಹೊಸಾ ಪಾಸ್‌ವರ್ಡ್ ಹಾಕಿ ಒಂದೊಂದ ಸೇರಿಸ್ರಿ, ಸಿಸಿಟಿವಿ ಮರೀಬ್ಯಾಡ್ರಿ. ಯಾವುದಾರ ಸೇರಲಿಲ್ಲ ಅಂದ್ರ ರೂಟರ್ ಮಾಡೆಲ್ ನಂಬರ್ ಕಾಮೆಂಟ್‌ನಾಗ ಹಾಕ್ರಿ. ಪಾಸ್‌ವರ್ಡ್ ಮಾತ್ರ ಬರೀಬ್ಯಾಡ್ರಿ.