ಕೊಂಬಿನ ಹುಡುಗನ ಜೊತೆಗೆ ಯಾರು ಹೋಗುತ್ತೀರಿ?

ಕೇಳುಗರಿಗೆಲ್ಲ ನಮಸ್ಕಾರ.

ಈಗೀಗ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ನೋಡುವ, ಓದುವ ಒಂದು ಬಗೆಯ ಕತೆ ಉಂಟು. ಲೋಕಕ್ಕೆ ದೊಡ್ಡದೊಂದು ರೋಗ ಬರುತ್ತದೆ. ಊರಿಗೆ ಊರೇ ಖಾಲಿಯಾಗುತ್ತದೆ. ಕರೆಂಟಿಲ್ಲ, ಫೋನಿಲ್ಲ, ಅಂಗಡಿಯಲ್ಲಿ ಅಕ್ಕಿ ಇಲ್ಲ. ಅದೇ ಹೊತ್ತಿಗೆ ಹುಟ್ಟುವ ಮಕ್ಕಳು ಅರ್ಧ ಮನುಷ್ಯರು, ಅರ್ಧ ಪ್ರಾಣಿಗಳು. ಒಂದು ಮಗುವಿನ ಬೆನ್ನ ತುಂಬ ಮುಳ್ಳು. ಇನ್ನೊಂದರ ಬೆರಳುಗಳ ನಡುವೆ ನೀರುನಾಯಿಯ ಹಾಗೆ ಚರ್ಮ. ಮತ್ತೊಬ್ಬ ಹುಡುಗನ ಹಣೆಯ ಮೇಲೆ ಕೊಂಬು.

ಬದುಕಿ ಉಳಿದವರಲ್ಲಿ ಕೆಲವರು ಹೇಳುತ್ತಾರೆ, ರೋಗ ತಂದದ್ದೇ ಈ ಮಕ್ಕಳು ಅಂತ. ಇನ್ನು ಕೆಲವರು ಹೇಳುತ್ತಾರೆ, ರೋಗಕ್ಕೆ ಮದ್ದು ಈ ಮಕ್ಕಳ ಮೈಯಲ್ಲೇ ಉಂಟು ಅಂತ. ಯಾವ ಮಾತು ನಂಬಿದರೂ ಮಾಡುವ ಕೆಲಸ ಒಂದೇ, ಮಕ್ಕಳನ್ನು ಹಿಡಿಯುವುದು. ಬೇಟೆಗಾರರು ಹೊರಡುತ್ತಾರೆ. ಅವರಿಗಿಂತ ಸ್ವಲ್ಪ ಮೊದಲು, ಯಾರೋ ಒಬ್ಬರು ಮಗುವಿನ ಕೈ ಹಿಡಿದು ಹಿತ್ತಲ ಬಾಗಿಲಿನಿಂದ ಓಡಿರುತ್ತಾರೆ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಓಡಿದವರ ಬಗ್ಗೆ. ಹೆಚ್ಚಿನ ಕತೆಗಳಲ್ಲಿ ಅವರು ಮಗುವಿನ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಮಗುವಿಗೂ ಅವರಿಗೂ ಸಂಬಂಧವೇ ಇಲ್ಲ. ಆದರೂ ಓಡುತ್ತಾರೆ. ನಾನು ತುಂಬಾ ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಈಗ ರಜೆಯಲ್ಲಿ ಬ್ರಹ್ಮಾವರದ ಹತ್ತಿರ ನಮ್ಮ ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಕತೆ ಹೇಳುತ್ತೇನೆ. ಈ ಬಗೆಯ ಕತೆ ಹೇಳುವಾಗ ಮಕ್ಕಳು ಅಲುಗಾಡದೆ ಕೂರುತ್ತಾರೆ. ಯಾಕೆ ಅಂತ ಯೋಚಿಸಿದ್ದೇನೆ. ತಾನು ಬೇರೆ ಥರ ಇದ್ದೇನೆ, ಇದು ಯಾರಿಗಾದರೂ ಗೊತ್ತಾದರೆ ಏನು ಗತಿ ಎಂಬ ಹೆದರಿಕೆ ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ, ಅಲ್ವಾ?

ಮೊದಲು ವಿಜ್ಞಾನದ ಮಾತು ಮುಗಿಸುತ್ತೇನೆ, ಯಾಕೆಂದರೆ ಮಕ್ಕಳು ಅದನ್ನೇ ಮೊದಲು ಕೇಳುತ್ತಾರೆ. ಮನುಷ್ಯನಿಗೂ ಜಿಂಕೆಗೂ ಸೇರಿ ಮಗು ಹುಟ್ಟುವುದಿಲ್ಲ. ಕುದುರೆ ಮತ್ತು ಕತ್ತೆ ಇಷ್ಟು ಹತ್ತಿರದ ಪ್ರಾಣಿಗಳು. ಆದರೂ ಅವುಗಳಿಗೆ ಹುಟ್ಟುವ ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ವಂಶಗುಣ ಹೊತ್ತ ಎಳೆಗಳಿಗೆ ಕ್ರೋಮೋಸೋಮು ಅನ್ನುತ್ತಾರೆ. ಕುದುರೆಯ ಜೀವಕೋಶದಲ್ಲಿ 64 ಕ್ರೋಮೋಸೋಮು, ಕತ್ತೆಯದರಲ್ಲಿ 62, ಹೇಸರಗತ್ತೆಯದರಲ್ಲಿ 63. ಬೆಸ ಸಂಖ್ಯೆ ಜೋಡಿಯಾಗುವುದು ಕಷ್ಟ. ಅಷ್ಟೇ ವಿಷಯ.

ಆದರೆ ಮಿಶ್ರ ಮಗು ಎಂಬುದು ಬರೀ ಕತೆಯೂ ಅಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಒಂದು ಮೂಳೆ ಚೂರು ಸಿಕ್ಕಿತು. ಎರಡೂವರೆ ಸೆಂಟಿಮೀಟರೂ ಇಲ್ಲದ ಚೂರು. ಅದರ ಡಿಎನ್‌ಎ ಪರೀಕ್ಷೆಯ ವಿವರ 2018ರಲ್ಲಿ ಹೊರಬಂತು. ಅದು ಒಬ್ಬ ಹುಡುಗಿಯ ಮೂಳೆ. ಸುಮಾರು 90 ಸಾವಿರ ವರ್ಷ ಹಿಂದಿನವಳು. ಸಾಯುವಾಗ ಕಡಿಮೆ ಅಂದರೆ ಹದಿಮೂರು ವರ್ಷ. ಅಮ್ಮ ನಿಯಾಂಡರ್ತಾಲ್ ಕುಲದವಳು, ಅಪ್ಪ ಡೆನಿಸೋವನ್ ಕುಲದವನು. ಎರಡು ಬೇರೆ ಬೇರೆ ಮಾನವ ಕುಲಗಳ ನೇರ ಮಗಳು. ವಿಜ್ಞಾನಿಗಳು ಅವಳಿಗೆ ಡೆನ್ನಿ ಅಂತ ಪ್ರೀತಿಯ ಹೆಸರಿಟ್ಟಿದ್ದಾರೆ. ನಮ್ಮಲ್ಲೂ ನಿಯಾಂಡರ್ತಾಲರ ಪಾಲು ಉಂಟು. ಆಫ್ರಿಕಾದಿಂದ ಹೊರಗಿನ ಎಲ್ಲರ ಡಿಎನ್‌ಎಯಲ್ಲೂ ಶೇಕಡಾ ಒಂದೆರಡರಷ್ಟು ಅವರದು. ನನ್ನದರಲ್ಲೂ, ನಿಮ್ಮದರಲ್ಲೂ. ಹಳೆಯ ಮೂಳೆಯ ಡಿಎನ್‌ಎ ಓದುವ ದಾರಿ ತೋರಿಸಿದ ವಿಜ್ಞಾನಿ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ನನಗೆ ಡೆನ್ನಿಯ ವಿಷಯದಲ್ಲಿ ಮನಸ್ಸು ತಾಗುವುದು ಅವಳ ಪ್ರಾಯ. ಹದಿಮೂರು ವರ್ಷದವರೆಗಾದರೂ ಅವಳು ಬದುಕಿದಳು. ಆ ಚಳಿಯಲ್ಲಿ, ಆ ಕಾಲದಲ್ಲಿ, ಒಂದು ಮಗು ತಾನಾಗಿ ಬೆಳೆಯುವುದಿಲ್ಲ. ಯಾರೋ ಅವಳಿಗೆ ತಿನ್ನಿಸಿದ್ದಾರೆ. ಯಾರೋ ಬೆಂಕಿಯ ಹತ್ತಿರ ಮಲಗಿಸಿದ್ದಾರೆ.

ಇನ್ನು ಕೊಂಬಿನ ಹುಡುಗ. ಅವನು ನಮಗೆ ಹೊಸಬನೇ ಅಲ್ಲ. ಋಷ್ಯಶೃಂಗನ ಕತೆ ನಿಮಗೆ ಗೊತ್ತಿರುತ್ತದೆ. ವಿಭಾಂಡಕ ಮುನಿಯ ಮಗ, ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದವನು, ತಲೆಯ ಮೇಲೆ ಕೊಂಬು. ಅಪ್ಪನೊಬ್ಬನನ್ನು ಬಿಟ್ಟು ಬೇರೆ ಮನುಷ್ಯರನ್ನೇ ನೋಡದೆ ಕಾಡಿನಲ್ಲಿ ಬೆಳೆದವನು. ಅತ್ತ ಅಂಗ ದೇಶದಲ್ಲಿ ಮಳೆ ಇಲ್ಲ. ಈ ಹುಡುಗ ಬಂದರೆ ಮಳೆ ಬರುತ್ತದೆ ಅಂತ ರಾಜ ರೋಮಪಾದನಿಗೆ ಯಾರೋ ಹೇಳುತ್ತಾರೆ. ರಾಜ ವೇಶ್ಯೆಯರನ್ನು ಕಳಿಸುತ್ತಾನೆ. ಮಹಾಭಾರತದಲ್ಲಿ ಅವರು ದೋಣಿಯ ಮೇಲೆ ಒಂದು ಸುಳ್ಳು ಆಶ್ರಮ ಕಟ್ಟಿಕೊಂಡು ಬರುತ್ತಾರೆ. ಸುಳ್ಳು ಮರ, ಸುಳ್ಳು ಹೂವು. ಅಪ್ಪ ಇಲ್ಲದ ಹೊತ್ತು ನೋಡಿ ಹುಡುಗನನ್ನು ಮಾತಾಡಿಸುತ್ತಾರೆ. ಹೆಂಗಸನ್ನೇ ನೋಡದ ಹುಡುಗ, ಇವರೂ ಒಬ್ಬ ತಪಸ್ವಿ ಅಂದುಕೊಳ್ಳುತ್ತಾನೆ. ಸಂಜೆ ಅಪ್ಪನ ಹತ್ತಿರ, ಬಂದವರ ಜಡೆ ಎಷ್ಟು ಚಂದ, ಸ್ವರ ಎಷ್ಟು ಇಂಪು, ನೆಲಕ್ಕೆ ಬಡಿದರೆ ಮೇಲೆ ಹಾರುವ ದುಂಡಗಿನ ಹಣ್ಣೊಂದು ಅವರ ಕೈಯಲ್ಲಿತ್ತು ಅಂತ ವರ್ಣಿಸುತ್ತಾನೆ. ಅದು ಚೆಂಡು. ಪಾಪ, ಅವನು ಚೆಂಡು ಕಂಡವನಲ್ಲ.

ನಾನು ಇದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಈಗ ಮತ್ತೆ ಓದುವಾಗ ಅದು ಬೇಟೆಯ ಕತೆ ಅಂತಲೇ ಕಾಣುತ್ತದೆ. ಕೋವಿ ಇಲ್ಲ, ಬಲೆ ಇಲ್ಲ. ಆದರೆ ಊರಿಗೆ ಒಂದು ಸಂಕಟ ಬಂತು, ಅದಕ್ಕೆ ಪರಿಹಾರ ಒಂದು ಮಗುವಿನ ಮೈಯಲ್ಲಿ ಉಂಟು ಅಂತ ನಂಬಿದರು, ಮೋಸ ಮಾಡಿಯಾದರೂ ಹಿಡಿದು ತಂದರು. ವ್ಯತ್ಯಾಸ ಒಂದೇ. ನಮ್ಮ ಹಿರಿಯರು ಆ ಹುಡುಗನನ್ನು ಕೊಲ್ಲಲಿಲ್ಲ. ಅವನು ಕಾಲಿಟ್ಟಾಗ ಮಳೆ ಬಂತು, ರಾಜ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಕೊಂಬು ಕತ್ತರಿಸಿ ಬಾ ಅಂತ ಅವನಿಗೆ ಯಾರೂ ಹೇಳಿದ್ದು ಕತೆಯಲ್ಲಿ ಇಲ್ಲ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಅವನ ದೇವಸ್ಥಾನ ಉಂಟು. ಮಳೆ ಬಾರದಿದ್ದರೂ ಜನ ಅಲ್ಲಿಗೇ ಹೋಗುತ್ತಾರೆ, ಮಳೆ ಜಾಸ್ತಿಯಾದರೂ ಅಲ್ಲಿಗೇ.

ಬೇಟೆಗಾರರ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಕೆಟ್ಟ ಕತೆಗಳಲ್ಲಿ ಬೇಟೆಗಾರ ಸುಮ್ನೆ ರಾಕ್ಷಸ. ಒಳ್ಳೆಯ ಕತೆಗಳಲ್ಲಿ ಅವನ ಮನೆಯಲ್ಲೂ ಒಬ್ಬರು ಕಾಯಿಲೆ ಬಿದ್ದಿರುತ್ತಾರೆ. ಹೆಂಡತಿಯೋ ಮಗಳೋ. ಅವನು ಅವರಿಗಾಗಿ ಹೊರಟವನು. ಪರರ ಮಗು ಹೋಗಲಿ, ನನ್ನ ಮಗು ಉಳಿಯಲಿ ಅನ್ನುತ್ತಾನೆ. ಈ ಮಾತು ನಮಗೆ ಅಷ್ಟೇನೂ ದೂರದ್ದಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಹೆದರಿಕೆಗೆ ಕೇರಳ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪುಂಟಲ್ಲ? ಕಾಸರಗೋಡಿನವರು ಕಾಲಕಾಲದಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಬರುವವರು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಸಮಯಕ್ಕೆ ಚಿಕಿತ್ಸೆ ಸಿಗದೆ ಜೀವ ಹೋದವರೂ ಉಂಟು. ಆಗ ನಮಗೆ ನಿಜವಾಗಿ ಹೆದರಿಕೆಯಾಗಿತ್ತು. ಹೆದರಿಕೆ ಸುಳ್ಳಲ್ಲ. ಆದರೆ ಆ ಹೆದರಿಕೆಯಲ್ಲಿ ನಾವು ಗೆರೆ ಎಳೆದದ್ದೂ ಸುಳ್ಳಲ್ಲ.

ಪ್ರಾಣಿಗಳ ಮೇಲೂ ಹೀಗೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ನಾವು ಅದನ್ನು ಮಂಗನ ಕಾಯಿಲೆ ಅಂತಲೇ ಕರೆದೆವು. ಆದರೆ ರೋಗ ಹರಡುವುದು ಉಣ್ಣಿ ಕಚ್ಚಿ. ಮಂಗವೂ ನಮ್ಮ ಹಾಗೆಯೇ ಅದರಿಂದ ಸಾಯುವ ಜೀವ. 2018ರಲ್ಲಿ ಕೋಯಿಕ್ಕೋಡ್ ಕಡೆ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದಾಗ ಇಲ್ಲಿ ಮಂಗಳೂರಿನಲ್ಲೂ ಬಾವಲಿ ಕಂಡರೆ ಜನ ಹೆದರಿದರು. ಸಂಕಟ ಬಂದಾಗ ಬೆರಳು ತೋರಿಸಲು ನಮಗೆ ಒಂದು ಮುಖ ಬೇಕು. ಆ ಮುಖದಲ್ಲಿ ಸ್ವಲ್ಪ ಕೂದಲೋ ಕೊಂಬೋ ಇದ್ದರೆ ತೋರಿಸುವುದು ಇನ್ನೂ ಸುಲಭ.

ಹಾಗಾದರೆ ಕಾಯುವವರು ಯಾರು? ನಮ್ಮ ಕರಾವಳಿಯಲ್ಲಿ ಇದಕ್ಕೆ ಒಂದು ಹಳೆಯ ಕತೆ ಉಂಟು. ಹಂದಿಯ ರೂಪದ ದೈವ ಪಂಜುರ್ಲಿಯದು. ದೈವಗಳ ಕತೆ ಹೇಳುವ ತುಳು ಹಾಡುಗಳಾದ ಪಾಡ್ದನಗಳಲ್ಲಿ ಬೇರೆ ಬೇರೆ ಪಾಠಗಳಿವೆ. ಅದರಲ್ಲಿ ಒಂದು ಹೀಗೆ. ತಾಯಿಯಿಲ್ಲದ ಒಂದು ಹಂದಿಮರಿಯನ್ನು ಪಾರ್ವತಿ ಸಾಕುತ್ತಾಳೆ. ಮರಿ ಬೆಳೆಯಿತು, ಕೋರೆ ಬಂತು, ಈಶ್ವರನ ತೋಟಕ್ಕೆ ನುಗ್ಗಿ ಎಲ್ಲ ಹಾಳು ಮಾಡಿತು. ಈಶ್ವರನಿಗೆ ಸಿಟ್ಟು ಬಂತು, ಕೊಲ್ಲಲು ಹೊರಟ. ಪಾರ್ವತಿ ಅಡ್ಡ ಬಂದಳು. ಕೊನೆಗೆ ಈಶ್ವರ ಅದನ್ನು ಭೂಮಿಗೆ ಕಳಿಸಿದ, ಜನರನ್ನು ಕಾಯುವ ದೈವವಾಗಿ. ತೋಟ ಹಾಳಾದದ್ದನ್ನು ಕತೆ ಮುಚ್ಚಿಡುವುದಿಲ್ಲ. ನಮ್ಮ ಊರಿನ ಕೃಷಿಕರಿಗೂ ಗೊತ್ತು, ಒಂದು ರಾತ್ರಿ ಹಂದಿ ನುಗ್ಗಿದರೆ ಗದ್ದೆಯ ಗತಿ ಏನು ಅಂತ. ಆದರೂ ದೈವಕ್ಕೆ ವೇಷ ಕಟ್ಟಿ ಕುಣಿಯುವ ಕೋಲದ ದಿನ ಅದೇ ಕೃಷಿಕರು ಹಂದಿಯ ಮೊಗದ ಎದುರು ಕೈ ಮುಗಿದು ನಿಂತು, ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಪಾರ್ವತಿ ಅಡ್ಡ ಬಾರದಿದ್ದರೆ ಅವರಿಗೆ ಹೇಳಿಕೊಳ್ಳಲು ಯಾರಿರುತ್ತಿದ್ದರು?

ನಾನು ಮೆಚ್ಚುವ ರಕ್ಷಕರು ಇಂಥವರು. ಮಗು ಸಾಧು ಅಂತ ಕಾಯುವವರಲ್ಲ. ಮಗು ಕಚ್ಚುತ್ತದೆ, ಒದೆಯುತ್ತದೆ, ರಾತ್ರಿ ಊಳಿಡುತ್ತದೆ, ಅಡಗಿಕೊಂಡ ಜಾಗ ಬೇಟೆಗಾರರಿಗೆ ಗೊತ್ತಾಗುವ ಹಾಗೆ ಮಾಡುತ್ತದೆ. ಆದರೂ ಕೈ ಬಿಡುವುದಿಲ್ಲ. ಕೆಲವು ಕತೆಗಳಲ್ಲಿ ಕಾಯುವವನು ಹಿಂದೆ ಬೇಟೆಗಾರನೇ ಆಗಿದ್ದವನು. ಆ ಪಾತ್ರ ನನಗೆ ಎಲ್ಲಕ್ಕಿಂತ ಇಷ್ಟ. ಅವನಿಗೆ ಬೇಟೆಗಾರರ ದಾರಿ ಗೊತ್ತು, ನಾಯಿಗಳ ಹೆಸರು ಗೊತ್ತು. ಆ ಗೊತ್ತಿರುವುದನ್ನೆಲ್ಲ ಈಗ ಮಗುವಿನ ಕಡೆಗೆ ಹಾಕುತ್ತಾನೆ.

ಕೃಷ್ಣಾಷ್ಟಮಿಯ ಹೊತ್ತಿಗೆ ಉಡುಪಿಯಲ್ಲಿ ಹುಲಿವೇಷ ನೋಡಿದವರಿಗೆ ಮರಿಹುಲಿಗಳು ಗೊತ್ತು. ರಥಬೀದಿಯ ಹತ್ತಿರ ಒಮ್ಮೆ ಐದಾರು ವರ್ಷದ ಒಬ್ಬನನ್ನು ನಾನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ. ಮೈಯೆಲ್ಲ ಹಳದಿ ಬಣ್ಣ, ಕಪ್ಪು ಪಟ್ಟೆ. ಬಣ್ಣ ಇನ್ನೂ ಹಸಿ. ಕೂರುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಎರಡೂ ಕೈ ಅಗಲಿಸಿ ಹಿಡಿದು, ನಿಂತಲ್ಲೇ ತೂಕಡಿಸುತ್ತಿದ್ದ. ಅವನ ಅಮ್ಮ ಲೋಟಕ್ಕೆ ಸ್ಟ್ರಾ ಹಾಕಿ ಬಾಯಿಗೆ ಹಿಡಿದು ಶರಬತ್ತು ಕುಡಿಸುತ್ತಿದ್ದಳು, ಬೆರಳು ಗಲ್ಲಕ್ಕೆ ತಾಗದ ಹಾಗೆ. ದೊಡ್ಡ ಹುಲಿಯೊಬ್ಬ ರಟ್ಟಿನಿಂದ ಅವನ ಬೆನ್ನಿಗೆ ಗಾಳಿ ಹಾಕುತ್ತಿದ್ದ. ಮಗುವಿಗೆ ಕಾಯಿಲೆ ಬಂದಾಗ ಹರಕೆ ಹೊತ್ತು, ಗುಣವಾದ ಮೇಲೆ ಹುಲಿವೇಷ ಹಾಕಿಸುವವರು ನಮ್ಮಲ್ಲಿ ಉಂಟು. ತಾಸೆಯ ಪೆಟ್ಟು ಶುರುವಾದದ್ದೇ ತಡ, ಮರಿಗೆ ನಿದ್ದೆ ಹಾರಿಹೋಯಿತು. ಜನ ದಾರಿ ಬಿಟ್ಟರು. ಅರ್ಧ ಹುಲಿ, ಅರ್ಧ ಹುಡುಗ, ಬೀದಿಯ ನಡುವೆ. ಕೆಲವು ತಂಡಗಳಲ್ಲಿ ಕೋವಿ ಹಿಡಿದ ಬೇಟೆಗಾರನ ವೇಷವೂ ಇರುತ್ತದೆ. ಕುಣಿತ ಮುಗಿದ ಮೇಲೆ ಅವನೂ ಹುಲಿಗಳೂ ಒಂದೇ ಟೆಂಪೋ ಹತ್ತುತ್ತಾರೆ.

ಕಳೆದ ರಜೆಯಲ್ಲಿ ಗ್ರಂಥಾಲಯದ ಮಕ್ಕಳಿಗೆ ನಾನು ಒಂದು ಪ್ರಶ್ನೆ ಕೊಟ್ಟೆ. ಕೊಂಬಿನ ಹುಡುಗ ರಾತ್ರಿ ನಿಮ್ಮ ಮನೆಯ ಬಾಗಿಲು ತಟ್ಟಿದ್ದಾನೆ. ಬೇಟೆಗಾರರು ಕಲ್ಯಾಣಪುರದ ಸೇತುವೆ ದಾಟಿ ಬರುತ್ತಿದ್ದಾರೆ. ಏನು ಮಾಡುತ್ತೀರಿ?

ಒಬ್ಬ ಹೇಳಿದ, ಅಟ್ಟದಲ್ಲಿ ಅಡಗಿಸುತ್ತೇನೆ. ಇನ್ನೊಬ್ಬ, ಮಲ್ಪೆಗೆ ಕರೆದುಕೊಂಡು ಹೋಗಿ ಮಾವನ ಬೋಟಿನಲ್ಲಿ ಕೂರಿಸುತ್ತೇನೆ. ಮೂರನೆಯವಳು, ಹುಲಿವೇಷದ ತಂಡಕ್ಕೆ ಸೇರಿಸುತ್ತೇನೆ ಟೀಚರ್, ಕೊಂಬು ನಿಜದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬ ಹುಡುಗ ಮಾತ್ರ ಕೇಳಿದ, ಅಷ್ಟಮಿ ಮುಗಿದ ಮೇಲೆ?

ಆಮೇಲೆ ಚರ್ಚೆ ಜೋರಾಯಿತು. ಕಿಗ್ಗಕ್ಕೆ ಮುಟ್ಟಿಸಬೇಕು, ಅಲ್ಲಿ ಕೊಂಬಿದ್ದವನನ್ನು ಯಾರೂ ಹೊಡೆಯುವುದಿಲ್ಲ ಅಂತ ತೀರ್ಮಾನವಾಯಿತು. ಬ್ರಹ್ಮಾವರದಿಂದ ಹೆಬ್ರಿ, ಹೆಬ್ರಿಯಿಂದ ಸೋಮೇಶ್ವರ, ಆಗುಂಬೆ ಘಾಟಿ, ಶೃಂಗೇರಿ, ಅಲ್ಲಿಂದ ಕಿಗ್ಗ. ಬೋರ್ಡಿನ ಮೇಲೆ ದಾರಿ ಬರೆದರು. ಘಾಟಿಯ ಚೆಕ್‌ಪೋಸ್ಟ್‌ನಲ್ಲಿ ಏನು ಮಾಡುವುದು ಅಂತ ಎಲ್ಲರೂ ತಲೆ ಕೆರೆದುಕೊಂಡರು. ಹಿಂದೆ ಕೂತಿದ್ದ, ಅಷ್ಟು ಹೊತ್ತು ಬಾಯಿಯೇ ಬಿಡದ ಒಬ್ಬಳು ಎದ್ದು ಹೇಳಿದಳು. ಮಳೆಗಾಲದಲ್ಲೇ ಹೊರಡಬೇಕು ಟೀಚರ್. ಅಜ್ಜಿಯ ಗೊರಬು ಹಾಕಿದರೆ ತಲೆಯೂ ಬೆನ್ನೂ ಮುಚ್ಚುತ್ತದೆ. ನೇಜಿ ನೆಡಲು ಹೋಗುವವರು ಅಂದುಕೊಳ್ಳುತ್ತಾರೆ.

ಜೊತೆಗೆ ಯಾರು ಹೋಗುವುದು ಅಂತ ಕೇಳಿದೆ. ಎಲ್ಲರ ಕೈಯೂ ಮೇಲೆ ಹೋಯಿತು. ಅಷ್ಟು ಜನ ಹೋದರೆ ಸಿಕ್ಕಿಬೀಳುತ್ತೇವೆ, ಇಬ್ಬರು ಸಾಕು ಅಂತ ಒಬ್ಬ ಅಂದ. ಆ ಇಬ್ಬರು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಮುಂದಿನ ಶನಿವಾರಕ್ಕೆ ಚೀಟಿ ಎತ್ತುವುದು ಅಂತ ಮಾತಾಗಿದೆ.

ನಮಸ್ಕಾರ.